ಏಳರಲ್ಲಿ ಮೂರನೆಯದು

ಎಲ್ಲ ಆದದ್ದು ರೋಸಿಬಾಯಿಯ ರಬ್ಬರಿನಿಂದ.

ಮೇಜಿನ ಮೇಲಿದ್ದ ಚಿತ್ರವನ್ನು ಸ್ವಲ್ಪ ನೋಡಿಕೊಳ್ಳಿ ಎಂದು ಎದುರು ಫ್ಲ್ಯಾಟಿನ ಆಕೆಯನ್ನು ಕೂರಿಸಿ, ಯುಜಿನ್ ಫ್ರೇಮು ತರಲು ದುಬೈಯ ಅಲ್ ನಹ್ದಾದ ಅಂಗಡಿಗೆ ಇಳಿದಿದ್ದ. ರೋಸಿಬಾಯಿಯ ಕಣ್ಣಿಗೆ ಬಿದ್ದ ಕೊಳೆ ಬದುಕಿ ಉಳಿದದ್ದುಂಟೇ?

"ಅಡಿಯಲ್ಲಿ ಯಾರೋ ಮಕ್ಕಳು ಪೆನ್ಸಿಲಲ್ಲಿ ಗೀಚಿದ್ರು ಮಾರಾಯ. ಉಜ್ಜಿ ತೆಗೆದೆ. ಈಗ ನೋಡು, ಎಷ್ಟು ಚಂದ!"

ಗೀಚಿದ್ದು ಶಿಲ್ಪಿಯ ಸಹಿ; ಅದಿಲ್ಲದಿದ್ದರೆ ಅಚ್ಚನ್ನು ಅಸಲಿ ಎಂದು ಯಾರೂ ಒಪ್ಪುವುದಿಲ್ಲ. ಕಲ್ಲು ಕೆತ್ತುವ ಆ ಮನುಷ್ಯ ಜೀವಮಾನದಲ್ಲಿ ಒಮ್ಮೆ ಮಾತ್ರ ಮರದ ಹಲಗೆ ಕೆತ್ತಿ, ಹೆಸರಾಂತ ಸಾಹಿತಿಯೊಬ್ಬರ ಮುಖವನ್ನು ಏಳೇ ಪ್ರತಿ ಅಚ್ಚು ಹಾಕಿಸಿದ್ದರು. ಮಂಗಳೂರಿನ ಪ್ರೆಸ್ಸಿನಲ್ಲಿ ಅದಕ್ಕೆ ಮಸಿ ಹಚ್ಚಿದವನು ಯುಜಿನ್‌ನ ಅಪ್ಪ ಆಗಸ್ಟಿನ್. ಮೂರನೆಯ ಪ್ರತಿ ಅವನಿಗೆ ಸಿಕ್ಕ ಉಡುಗೊರೆ. ಆಯುಷ್ಯವಿಡೀ ಬೇರೆಯವರ ಹೆಸರು ಅಚ್ಚು ಹಾಕಿದವನ ಹೆಸರು, ಗೋರಿಯ ಕಲ್ಲು ಬಿಟ್ಟರೆ ಎಲ್ಲೂ ಕಂಡದ್ದಿಲ್ಲ. ಅಂದು ಸಂಜೆ ದುಬೈಯ ಕನ್ನಡ ಬಳಗದ ಪ್ರದರ್ಶನದಲ್ಲಿ ಚಿತ್ರದ ಕೆಳಗಿನ ಚೀಟಿಯಲ್ಲಿ ಆ ಹೆಸರು ಕಾಣಬೇಕಿತ್ತು.

ಪುಣ್ಯಕ್ಕೆ ಶಿಲ್ಪಿ ಮಗಳ ಮನೆಗೆಂದು ಅಬುಧಾಬಿಗೆ ಬಂದಿದ್ದರು. ಯುಜಿನ್ ಬಸ್ಸು ಹತ್ತಿದ.

ಎಲೆಕ್ಟ್ರಾ ಸ್ಟ್ರೀಟಿನ ಮನೆಯಲ್ಲಿ ಮುದುಕರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಆಗಸ್ಟಿನ್ ಮಸಿ ಹಚ್ಚಿದ್ರೆ ಒಂದೊಂದು ಕೂದಲೂ ಎದ್ದು ಕಾಣ್ತಿತ್ತು," ಎಂದು ಪೆನ್ಸಿಲು ಹಿಡಿದರು. ಕೈ ಬಿಸಿ ಕಾವಲಿಗೆ ಬಿದ್ದ ನೀರಿನಂತೆ ಕುಣಿಯಿತು. ಸಹಿ ಮುಗಿಯುವಾಗ ಅವರ ಕಣ್ಣು ತುಂಬಿತ್ತು.

"ಕೈ ಹೋಯ್ತು ಅಂತ ಯಾರಿಗೂ ಹೇಳ್ಬೇಡ ಮಗ. ಊರಲ್ಲಿ ನಾನು ಇನ್ನೂ ಕೆತ್ತುತ್ತಾ ಇದ್ದೇನೆ ಅಂತ ತಿಳ್ಕೊಂಡಿದ್ದಾರೆ."

"ಅಪ್ಪನಾಣೆ, ಹೇಳುದಿಲ್ಲ ಸರ್."

ಸಂಜೆ ಬಳಗದ ಅಧ್ಯಕ್ಷ ದ್ವಾರಕನಾಥರು ಕನ್ನಡಕ ಏರಿಸಿ, ಹಳೆಯ ಪುಸ್ತಕದಲ್ಲಿದ್ದ ಶಿಲ್ಪಿಯ ಸಹಿಯನ್ನು ಪಕ್ಕದಲ್ಲಿಟ್ಟು ನೋಡಿದರು.

"ಇದು ಅವರ ಸಹಿ ಅಲ್ಲ ಕಣ್ರೀ. ಬಂಡೆಗೆ ಉಳಿ ಇಡೋ ಕೈ ಹೀಗೆ ನಡುಗುತ್ತಾ? ನಿಜ ಹೇಳಿ ಯುಜಿನ್, ಯಾರು ಹಾಕಿದ್ದು?"

ಯುಜಿನ್ ಬಾಯಿ ತೆರೆದ. ಕೊಟ್ಟ ಆಣೆ ನೆನಪಾಗಿ ಮುಚ್ಚಿದ.

ದ್ವಾರಕನಾಥರು ಕೆಟ್ಟವರಲ್ಲ. ತಂದದ್ದನ್ನು ಹಿಂದೆ ಕಳಿಸುವುದು ಬೇಡವೆಂದು, ಚೀಟಿಗೆ ಒಂದೇ ಒಂದು ಪದ ಸೇರಿಸಿ ಗೋಡೆಗೆ ಹಾಕಿಸಿದರು: 'ನಕಲು. ಆಗಸ್ಟಿನ್ ಅವರ ಸಂಗ್ರಹದಿಂದ.'

ಅಪ್ಪನ ಹೆಸರು ಕೊನೆಗೂ ಅಚ್ಚಾಗಿತ್ತು. ಅದರ ಮುಂದೆ ಯುಜಿನ್ ತಲೆ ತಗ್ಗಿಸಿ ನಿಂತಿದ್ದಾಗ ರೋಸಿಬಾಯಿ ಬಂದು ಬಗ್ಗಿ ನೋಡಿದರು.

"ಅಯ್ಯೋ ದೇವಾ, ಪುನಃ ಗೀಚಿದ್ದಾರಲ್ಲ! ಆ ಗಾಜು ಸ್ವಲ್ಪ ತೆಗಿ ಮಾರಾಯ," ಎನ್ನುತ್ತ ಬ್ಯಾಗಿಗೆ ಕೈ ಹಾಕಿದರು.