ವಿಜಯಪುರದ ತಲೆಯ ಮೇಲೊಂದು ಕಣ್ಣು

ಚಾಂದ್ ಪಾಷಾ ತನ್ನನ್ನು ಯಾರಾದರೂ ಬೈದರೆ ಸಹಿಸಿಕೊಳ್ಳುತ್ತಿದ್ದ. (ಮದುವೆಯಾಗಿ ಹದಿನೇಳು ವರ್ಷವಾಗಿತ್ತು, ರೂಢಿಯಾಗಿತ್ತು.) ಆದರೆ ದೇವನಹಳ್ಳಿ ಹತ್ತಿರದ ತನ್ನ ಊರಿನ ಬಗ್ಗೆ ಹಗುರವಾಗಿ ಮಾತಾಡಿದರೆ ಮಾತ್ರ ಅವನ ಗಡ್ಡ ನಡುಗುತ್ತಿತ್ತು. ಅಂಥ ಊರನ್ನು, ಅವನದೇ ಮನೆಯಲ್ಲಿ ಕುಳಿತು, ಅವನದೇ ತಟ್ಟೆಯಲ್ಲಿ ಎರಡನೆಯ ಸಲ ದಾಲ್ಚಾ ಬಡಿಸಿಕೊಳ್ಳುತ್ತ, ಬಾಮೈದ ನಜೀಬುಲ್ಲಾ ಆಡಿಕೊಂಡುಬಿಟ್ಟ.

“ದೂಲಾಭಾಯಿ,” ಎಂದ ಅವನು. (ಅಕ್ಕನ ಗಂಡನನ್ನು ಅವರು ಕರೆಯುವುದೇ ಹಾಗೆ.) “ನಿಮ್ಮ ವಿಜಯಪುರಾನೂ ಒಂದು ಊರಾ? ಒಂಟಿ ಕಾಲಲ್ಲಿ ನಿಂತು ಒಂದು ಸುತ್ತು ತಿರುಗಿದ್ರೆ ಊರು ಮುಗೀತು!”

ನಜೀಬುಲ್ಲಾ ಬೆಂಗಳೂರು ದಂಡಿನಲ್ಲಿ ಗುಮಾಸ್ತ. ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಗೋರಾ ಸಿಪಾಯಿಗಳು ಊರಿಗೆ ಹೊರಡುವಾಗ ಮಾರಿಹೋಗುತ್ತಿದ್ದ ಸಾಮಾನುಗಳಲ್ಲಿ ಒಂದು ಡಬ್ಬಿ ಕ್ಯಾಮೆರಾವನ್ನೂ, ಹರಿದ ಪ್ಯಾರಾಚೂಟಿನ ಒಂದು ದೊಡ್ಡ ತುಂಡನ್ನೂ ಭಾವನಿಗೆ ಕೊಡಿಸಿದವನು ಅವನೇ. ಅವನ ದುರದೃಷ್ಟವೋ ಭಾವನದೋ, ಆ ಎರಡು ಪದಾರ್ಥಗಳು ಒಂದೇ ಮೊಳೆಗೆ ನೇತುಬಿದ್ದಿದ್ದವು. ಅವಮಾನದಿಂದ ತಲೆ ಎತ್ತಿದ ಚಾಂದ್ ಪಾಷಾನಿಗೆ ಮೊದಲು ಕಂಡದ್ದೇ ಅವು. ಆ ಕ್ಷಣದಲ್ಲಿ ಅವನಿಗೆ ಜ್ಞಾನೋದಯವಾಯಿತು.

ಅವನ ಕಸುಬು ರೇಷ್ಮೆ ನೂಲು ತೆಗೆಸುವುದು. ಅವನ ಪ್ರಾಣ ಇದ್ದದ್ದು ಗಾಳಿಪಟದಲ್ಲಿ. ಆಷಾಢದ ಗಾಳಿ ಎದ್ದಿತೆಂದರೆ ನಲವತ್ತೆರಡರ ಈ ಗೃಹಸ್ಥ ಒಲೆ, ಕಡಾಯಿ, ರೇಷ್ಮೆಗೂಡುಗಳನ್ನೆಲ್ಲ ಬಿಟ್ಟು ಕೆರೆ ಏರಿಯ ಮೇಲಿರುತ್ತಿದ್ದ. ಪ್ಯಾರಾಚೂಟಿನ ಬಟ್ಟೆಯಲ್ಲಿ ಆಳೆತ್ತರದ ಪಟ ಕಟ್ಟಿ, ಮೂರೆಳೆ ಹುರಿ ಮಾಡಿದ ರೇಷ್ಮೆಯ ದಾರ ಹಾಕಿ, ಕೆಳಗೆ ಕ್ಯಾಮೆರಾ ತೂಗುಬಿಟ್ಟರೆ ಇಡೀ ವಿಜಯಪುರ ಒಂದೇ ಚಿತ್ರದಲ್ಲಿ ಬಂದು ನಜೀಬುಲ್ಲಾನ ಬಾಯಿ ಮುಚ್ಚಿಸಬೇಕು!

ಯೋಚನೆ ಬಂದ ಮೇಲೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನಲ್ಲ. ಮರುದಿನವೇ ಕಾಫಿ ಹೋಟೆಲಿನಲ್ಲಿ ಎಲ್ಲರೆದುರು ಸಾರಿದ. ಅವನ ಇಪ್ಪತ್ತು ವರ್ಷದ ಗೆಳೆಯನೂ ಗಾಳಿಪಟದ ಕಡುವೈರಿಯೂ ಆದ ಗೂಡಿನ ವ್ಯಾಪಾರಿ ಆದಿನಾರಾಯಣಪ್ಪ ಕಾಫಿಯ ಲೋಟ ಕೆಳಗಿಟ್ಟು ನಕ್ಕ.

“ಲೇ ಚಾಂದು, ಕ್ಯಾಮೆರಾ ಮೇಲಕ್ಕೋದ್ರೆ ಗುಂಡಿ ಒತ್ತೋರು ಯಾರ್ಲಾ? ಹದ್ದಿಗೆ ಏಳ್ಕೊಡ್ತೀಯಾ?”

“ನೋಡ್ತಾ ಇರು ಗುರು. ಚಿತ್ರ ಬಂದ್ರೆ ವಾಚನಾಲಯದ ಗೋಡೆಗೆ ನೇತಾಕ್ತೀನಿ, ಊರೆಲ್ಲಾ ನೋಡ್ಲಿ. ಬರ್ನಿಲ್ಲಾ ಅಂದ್ರೆ, ಈ ಜನ್ಮದಲ್ಲಿ ಇನ್ನು ಗಾಳಿಪಟದ ದಾರ ಮುಟ್ಟಾಕಿಲ್ಲ. ಖುದಾ ಆಣೆ!”

ಚಾಂದ್ ಪಾಷಾ ಗಾಳಿಪಟದ ಸಂಗ ತೊರೆಯುವುದೆಂದರೆ ಕೆರೆಯೇ ನೀರನ್ನು ತೊರೆದಂತೆ. ಆಣೆಯನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಅವನೂ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಅದು ಹೋಟೆಲಿನ ಬಾಗಿಲು ದಾಟಿ ಪೇಟೆ ಸೇರಿತ್ತು.

ಗುಂಡಿ ಒತ್ತುವವರು ಯಾರು ಎಂಬುದು ನ್ಯಾಯವಾದ ಪ್ರಶ್ನೆಯೇ. ಮೂರು ದಿನ ತಲೆ ಕೆರೆದುಕೊಂಡು ಚಾಂದ್ ಪಾಷಾ ಅದಕ್ಕೊಂದು ಮಹಾ ಯಂತ್ರ ನಿರ್ಮಿಸಿದ. ಸೈಕಲ್ ಟ್ಯೂಬಿನ ರಬ್ಬರು ಕ್ಯಾಮೆರಾದ ಗುಂಡಿಯನ್ನು ಎಳೆಯುತ್ತಿರುತ್ತದೆ. ಅದು ಎಳೆಯದಂತೆ ಒಂದು ದಾರ ಬಿಗಿಹಿಡಿದಿರುತ್ತದೆ. ದಾರಕ್ಕೆ ತಾಗುವಂತೆ ಒಂದು ಊದುಬತ್ತಿ. ಊದುಬತ್ತಿ ಉರಿಯುತ್ತ ಬಂದು ದಾರವನ್ನು ಸುಟ್ಟರೆ ರಬ್ಬರಿಗೆ ಬಿಡುಗಡೆ, ಕ್ಯಾಮೆರಾ ‘ಟಿಕ್’. ಕೆಲಸವಾಯಿತೆಂದು ಕೆಳಗಿನವರಿಗೆ ತಿಳಿಯಲು ಅದೇ ಹೊತ್ತಿಗೆ ಒಂದು ಕೆಂಪು ಬಟ್ಟೆಯ ಚೂರು ಉದುರುತ್ತದೆ. ನೆಲದ ಮೇಲೆ ನಿಂತವನು ಬೆರಳನ್ನೂ ಅಲ್ಲಾಡಿಸದೆ ಆಕಾಶದಲ್ಲಿ ಚಿತ್ರ ತೆಗೆಯಬಹುದು!

ಯಂತ್ರಕ್ಕೆ ಒಂದೇ ಕೊರತೆ: ಅದು ನಡೆಯಲಿಲ್ಲ. ಪರೀಕ್ಷೆಗೆಂದು ಹಚ್ಚಿದ ಊದುಬತ್ತಿಗಳೆಲ್ಲ ಬೂದಿಯಾದವು, ದಾರ ಹಾಗೆಯೇ ಇತ್ತು, ಮನೆಯೆಲ್ಲ ಕೂದಲು ಸುಟ್ಟ ವಾಸನೆ. ಮೂಗಿಗೆ ಸೆರಗು ಮುಚ್ಚಿಕೊಂಡು ಹೆಂಡತಿ ಶರೀಫುನ್ನೀಸಾ ಅಡುಗೆಮನೆಯಿಂದ ಬಂದಳು. (ಇವರ ಜಗಳಗಳು ನಡೆಯುತ್ತಿದ್ದುದು ದಖನಿ ಉರ್ದುವಿನಲ್ಲಿ. ನಾನು ಕನ್ನಡಕ್ಕೆ ತಂದಿದ್ದೇನೆ. ಅರ್ಧ ಖಾರ ದಾರಿಯಲ್ಲೇ ಸೋರಿಹೋಗಿದೆ.)

“ಅಜೀ, ಅದ್ಯಾವ ದಾರ ಕಟ್ಟಿದ್ದೀರಿ?”

“ಇನ್ಯಾವ್ದು? ಒಂದನೇ ನಂಬರ್ ರೇಷ್ಮೆ. ಚಾಂದ್ ಪಾಷಾ ಮನೇಲಿ ಬೇರೆ ದಾರ ಇರುತ್ತಾ?”

“ರೇಷ್ಮೆ ಅಸಲೀನೋ ನಕಲೀನೋ ಅಂತ ನೋಡೋಕೆ ದಿನಾ ಬೆಂಕಿಗೆ ಹಿಡಿಯೋರು ನೀವೇ. ಅಸಲಿ ಆದ್ರೆ ಸುರುಟ್ಕೊಂಡು ಆರಿಹೋಗುತ್ತೆ ಅಂತ ಊರಿಗೆಲ್ಲ ಪಾಠ ಹೇಳೋರು ನೀವೇ. ಈಗ ಉರೀಲಿ ಅಂತ ಮುಂದೆ ಕೂತು ಕಾಯ್ತಿದ್ದೀರಲ್ಲ! ಹತ್ತಿ ದಾರ ಕಟ್ಟಿ.”

ಚಾಂದ್ ಪಾಷಾ ಮರ್ಯಾದೆಗೆಂದು ಒಂದು ಗಂಟೆ ಸಿಟ್ಟು ಮಾಡಿಕೊಂಡು, ಆಮೇಲೆ ಹತ್ತಿ ದಾರ ಕಟ್ಟಿದ. ಟಿಕ್!

ಸಂತೆಯ ದಿನವನ್ನೇ ಆರಿಸಿದ. ಊರು ಗಿಜಿಗುಟ್ಟುವುದು ಚಿತ್ರದಲ್ಲಿ ಬರಬೇಕಲ್ಲ. ಆದರೆ ಚಾಂದ್ ಪಾಷಾ ಎಂಥವನಾದರೂ ಸಭ್ಯಸ್ಥ. ಅವನ ಬೀದಿಯಲ್ಲಿ ಹೆಂಚು ಸರಿಪಡಿಸುವವನಾಗಲಿ, ತೆಂಗಿನ ಮರ ಹತ್ತುವವನಾಗಲಿ, ಮೇಲೇರುವ ಮುಂಚೆ “ಪರ್ದಾ! ಪರ್ದಾ!” ಎಂದು ಕೂಗಬೇಕು; ಅಂಗಳದಲ್ಲಿರುವ ಹೆಂಗಸರು ಒಳಗೆ ಹೋಗಬೇಕು; ಇದು ಅಜ್ಜಂದಿರ ಕಾಲದ ಪದ್ಧತಿ. ತೆಂಗಿನ ಮರಕ್ಕೇ ಇಷ್ಟು ಕಟ್ಟುನಿಟ್ಟಾದರೆ, ತೆಂಗಿನ ಮರವೇ ಕೆಳಗೆ ಕಾಣುವಷ್ಟು ಎತ್ತರ ಹೋಗುವ ಕ್ಯಾಮೆರಾಕ್ಕೆ? ಊರಿನ ಯಾವ ಹೆಣ್ಣುಮಗಳ ಮರ್ಯಾದೆಗೂ ಕುಂದು ಬರಬಾರದೆಂದು ಡಂಗುರದ ಜವರಪ್ಪನನ್ನು ಕರೆಸಿ ಬೀದಿಬೀದಿಯಲ್ಲೂ ಸಾರಿಸಿದ.

“ಕೇಳ್ರಪ್ಪೋ ಕೇಳ್ರಿ! ಚಾಂದ್ ಪಾಷಾ ಸಾಬ್ರು ಇವತ್ತು ಮೂರು ಗಂಟೆಗೆ ಆಕಾಸಕ್ಕೆ ಕಣ್ಣು ಆರಿಸ್ತಾರಂತೆ! ಎಣ್ಮಕ್ಳೆಲ್ಲಾ ಸೂರಿನ ಕೆಳಗೇ ಇರ್ಬೇಕಂತೆ! ಗಂಡಸ್ರು ಬೇಕಾದ್ರೆ ಕೆರೆ ಏರಿಗೆ ಬಂದು ನೋಡ್ಬೌದಂತೆ!”

ಮೂರು ಗಂಟೆಗೆ ಕೆರೆ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಸಂತೆಗೆ ಬಂದವರು ಚೀಲ ಹೊತ್ತುಕೊಂಡೇ ಬಂದಿದ್ದರು. ಚಾಂದ್ ಪಾಷಾ “ಬಿಸ್ಮಿಲ್ಲಾ” ಎಂದು ಊದುಬತ್ತಿ ಹಚ್ಚಿ ಪಟವನ್ನು ಗಾಳಿಗೆ ಒಪ್ಪಿಸಿದ.

ಪಟ ಒಂದು ಸಲ ಮುಗ್ಗರಿಸಿ, ಗಾಳಿ ಹಿಡಿದು, ಎದ್ದಿತು. ಹುಣಿಸೆಮರ ದಾಟಿತು, ಮಸೀದಿಯ ಮಿನಾರು ದಾಟಿತು. ಬಿಳಿಯ ಬಟ್ಟೆಯ ತುಂಬ ಬಿಸಿಲು ತುಂಬಿಕೊಂಡು ಊರ ಮೇಲೆ ಹೋಗಿ ನಿಂತುಬಿಟ್ಟಿತು. ಅದರ ಕೆಳಗೆ ಪುಟ್ಟ ಕರಿಯ ಡಬ್ಬಿ ತೂಗುತ್ತಿತ್ತು, ಡಬ್ಬಿಯ ಹಿಂದೆ ಕೂದಲೆಳೆಯಷ್ಟು ಹೊಗೆ. ಅಷ್ಟು ಜನವಿದ್ದರೂ ರೇಷ್ಮೆಯ ದಾರ ಗಾಳಿಯಲ್ಲಿ ಗುಂಯ್ಗುಡುವುದು ಕೇಳಿಸುತ್ತಿತ್ತು. ಆದಿನಾರಾಯಣಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. “ಅಯ್ಯೋ ಸಿವನೇ,” ಎಂದ ಮೆಲ್ಲಗೆ, “ಅದು ನಮ್ಮೂರ್ನ ನೋಡ್ತಾ ಐತೆ ಕಣ್ಲಾ.” ಚಾಂದ್ ಪಾಷಾನ ಕಣ್ಣಲ್ಲಿ ನೀರು ಬಂತು. ತನ್ನ ಕೈಯ ದಾರದ ಆ ತುದಿಯಲ್ಲಿ ತನ್ನದೇ ಇನ್ನೊಂದು ಕಣ್ಣಿದೆ, ಹುಟ್ಟಿದಂದಿನಿಂದ ಕಾಣದ್ದನ್ನು ಅದು ಕಾಣುತ್ತಿದೆ ಎನ್ನಿಸಿತು. ಕೆಂಪು ಚೂರು ಉದುರಿತು. ಏರಿಯ ಮೇಲಿನ ಜನ ಹೋ ಎಂದು ಕೂಗಿದರು.

ಇಳಿಸುವಾಗ ಗಾಳಿ ಕೈಕೊಟ್ಟಿತು. ಕ್ಯಾಮೆರಾ ಹುಣಿಸೆಮರಕ್ಕೆ ಬಡಿದು ಅದರ ಮುಂದಿನ ಗಾಜು ಪುಡಿಯಾಯಿತು. ಡಬ್ಬಿ ಮಾತ್ರ ಒಡೆಯಲಿಲ್ಲ. ಇನ್ನೊಂದು ಚಿತ್ರದ ಆಸೆ ಅಲ್ಲಿಗೆ ಮುಗಿಯಿತು. ಇದ್ದದ್ದು ಒಳಗಿರುವ ಆ ಒಂದೇ. ಅದನ್ನು ಎದೆಗೆ ಅವುಚಿಕೊಂಡು ಬೆಂಗಳೂರಿಗೆ ಹೋಗಿ, ಫಿಲಂ ತೊಳೆಸಿ, ಮೊಳದಗಲ ದೊಡ್ಡದು ಮಾಡಿಸಿ, ಅಂಗಡಿಯಲ್ಲಿ ಬಿಚ್ಚಿ ನೋಡದೆ ಮನೆಗೆ ತಂದ. ಮೊದಲು ನೋಡುವ ಪುಣ್ಯ ಹೆಂಡತಿಗೂ ಸಿಗಲಿ ಎಂಬ ಒಳ್ಳೆಯ ಬುದ್ಧಿ ಅದು. ಆ ಬುದ್ಧಿಗೆ ಆಮೇಲೆ ಅವನು ಬೈದುಕೊಂಡದ್ದುಂಟು.

ಬಿಚ್ಚಿದರು.

ಊರು ಅಂಗೈ ಬಿಚ್ಚಿದಂತೆ ಬಿದ್ದುಕೊಂಡಿತ್ತು. ಹೆಂಚುಗಳ ಸಾಲು, ಮಾಳಿಗೆಗಳು, ಗುಡಿಯ ಗೋಪುರ, ಮಿನಾರು, ಆಚೆಗೆ ಹಿಪ್ಪುನೇರಳೆ ತೋಟಗಳು, ದೇವನಹಳ್ಳಿಯ ದಾರಿ. ಶರೀಫುನ್ನೀಸಾಳ ಬೆರಳು ಚಿತ್ರದ ಮೇಲೆ ಓಡಾಡಿತು. ಹದಿನೇಳು ವರ್ಷ ಆ ಊರಲ್ಲಿ ಬಾಳಿದ್ದಳು; ನೋಡಿದ್ದೆಲ್ಲ ಗಾಡಿಯ ಪರದೆಯ ಸಂದಿನಿಂದ, ತುಂಡುತುಂಡಾಗಿ.

“ಇದು ನಮ್ಮನೆ ಅಲ್ವಾ? ಹಿಂದಗಡೆ ಗೋಡೆಗೆ ಅಂಟ್ಕೊಂಡಿರೋದು ಯಾರ ಮನೆ?”

“ನಿನ್ನ ಗೆಳತಿ ಖದೀಜಾ ಮನೆ.”

“ಯಾ ಅಲ್ಲಾ! ನಮ್ಮ ಖದೀಜಾ? ಅವಳ ಮನೆಗೆ ಹೋಗೋಕೆ ಗಾಡಿ ಕಟ್ಟಿಸ್ಕೊಂಡು ಮೂರು ಬೀದಿ ಸುತ್ತಿ ಹೋಗ್ತೀನಲ್ರೀ ನಾನು! ಗೋಡೇಲಿ ಒಂದು ಬಾಗಿಲು ಇಡಿಸಿದ್ರೆ ಒಲೆ ಮೇಲೆ ಹಾಲಿಟ್ಟು ಹೋಗಿ ಬರಬಹುದಿತ್ತು!”

ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಗಂಡ ಮಾಡಿದ ಕೆಲಸವನ್ನು ಅವಳು ಅಷ್ಟು ಬೆರಗಿನಿಂದ ನೋಡಿದ್ದು ಅದೇ ಮೊದಲು. ಚಾಂದ್ ಪಾಷಾ ಉಬ್ಬಿದ. ಉಬ್ಬಿಕೊಂಡೇ ಸಂತೆಬೀದಿಯ ಗಿಜಿಗಿಜಿಯನ್ನು ತೋರಿಸಲು ಬಾಗಿದ.

ಸಂತೆಬೀದಿಯಲ್ಲಿ ಒಂದು ಕತ್ತೆಯಿತ್ತು.

ಪೇಟೆಬೀದಿಯಲ್ಲಿ ಯಾರೂ ಇರಲಿಲ್ಲ. ಮಸೀದಿಯ ಮುಂದೆ ಯಾರೂ ಇರಲಿಲ್ಲ. ಹೆಂಗಸರೆಲ್ಲ ಅವನ ಸಭ್ಯತೆಯ ದೆಸೆಯಿಂದ ಸೂರಿನ ಕೆಳಗೆ. ಗಂಡಸರೆಲ್ಲ ಅವನ ಕೀರ್ತಿಯ ದೆಸೆಯಿಂದ ಕ್ಯಾಮೆರಾದ ಹಿಂದೆ, ಕೆರೆ ಏರಿಯ ಮೇಲೆ! ಇಡೀ ವಿಜಯಪುರದಲ್ಲಿ ಒಂದೇ ಒಂದು ನರಪ್ರಾಣಿ ಕಾಣುತ್ತಿತ್ತು. ಅದು ಅವನ ಮನೆಯ ಮಾಳಿಗೆಯ ಮೇಲೆ, ಹಬ್ಬಕ್ಕೆ ಒಣಹಾಕಿದ ಶಾವಿಗೆಯ ಪಕ್ಕ, ಸೊಂಟಕ್ಕೆ ಕೈಯಿಟ್ಟು, ತಲೆಯ ಮೇಲೆ ಸೆರಗಿಲ್ಲದೆ ನೆಟ್ಟಗೆ ಆಕಾಶವನ್ನು ನೋಡುತ್ತಿತ್ತು.

“ನೀನು... ನೀನ್ಯಾಕೆ ಒಳಗೆ ಹೋಗ್ಲಿಲ್ಲ?”

“ಯಾಕೆ ಹೋಗ್ಬೇಕು? ಕ್ಯಾಮೆರಾ ಯಾರದ್ದು?”

“ನಂದು.”

“ಗಂಡನ ಕಣ್ಣಿಗೆ ಯಾರಾದ್ರೂ ಪರ್ದಾ ಮಾಡ್ತಾರಾ? ಒಳಗೆ ಹೋದ್ರೆ ಶಾವಿಗೆ ಕಾಗೆ ಪಾಲು.”

ಚಾಂದ್ ಪಾಷಾ ಚಿತ್ರವನ್ನು ಮಾರುದೂರ ಹಿಡಿದು ನೋಡಿದ. “ಆಗ್ಲಿ ಬಿಡು, ಸಾಸಿವೆಕಾಳಷ್ಟಿದ್ದೀಯ. ವಾಚನಾಲಯದಲ್ಲಿ ಯಾರಿಗೆ ಗೊತ್ತಾಗುತ್ತೆ?”

“ವಾಚನಾಲಯ? ಊರ ಗಂಡಸರ ಮುಂದೆ? ಯಾರ ಮಾಳಿಗೆ ಅಂತ ಊರಿಗೆಲ್ಲ ಗೊತ್ತು. ಸಾಸಿವೆಕಾಳಾದ್ರೂ ನಾನೇ ತಾನೆ?” (ಬೆಂಗಳೂರಿನ ಅಂಗಡಿಯವನು ನೋಡಿಲ್ಲವೇ ಎಂದು ಇವನು ಕೇಳಿದ. ಅವನಿಗೆ ಅದು ಯಾವ ಊರೆಂದೇ ತಿಳಿಯದು, ಹಾಗಾಗಿ ಲೆಕ್ಕಕ್ಕಿಲ್ಲ ಎಂದು ತೀರ್ಪಾಯಿತು.)

“ಹಂಗಾದ್ರೆ ಅಷ್ಟಕ್ಕೆ ಮಾತ್ರ ಶಾಯಿ ಬಳೀತೀನಿ.”

ಶರೀಫುನ್ನೀಸಾ ಗಂಡನನ್ನು ನೋಡಿದಳು. ದನಿ ಸಣ್ಣಗಾಯಿತು. “ಹದಿನೇಳು ವರ್ಷದಲ್ಲಿ ನನ್ನದೊಂದು ಚಿತ್ರ ತೆಗೀಲಿಲ್ಲ ನೀವು. ಬಂದಿರೋದು ಇದೊಂದು. ಅದಕ್ಕೂ ಶಾಯಿ ಬಳೀತೀರಾ?”

ಚಿತ್ರ ಅವಳ ಟ್ರಂಕಿಗೆ ಹೋಯಿತು, ಮದುವೆಯ ಬಟ್ಟೆಯ ಕೆಳಗೆ. ಅದನ್ನು ನೋಡಬಹುದಾಗಿದ್ದ ಗಂಡಸು ಅವನ ಹೊರತು ಭೂಮಿಯ ಮೇಲೆ ಒಬ್ಬನೇ: ಅವಳ ಒಡಹುಟ್ಟಿದ ನಜೀಬುಲ್ಲಾ. ಅವನು ಬಂದ, ನೋಡಿದ, ಬಹಳ ಹೊತ್ತು ನೋಡಿದ.

“ಊರು ಚೆನ್ನಾಗಿದೆ ದೂಲಾಭಾಯಿ,” ಎಂದ ಕೊನೆಗೆ. “ಜನ ಯಾವಾಗ ಬರ್ತಾರೆ?”

ಬಂತೆಂದರೆ ವಾಚನಾಲಯದ ಗೋಡೆಗೆ ನೇತುಹಾಕಬೇಕಲ್ಲ; ಹೋಟೆಲಿನಲ್ಲಿ ಚಾಂದ್ ಪಾಷಾ ತಲೆ ತಗ್ಗಿಸಿ, ಚಿತ್ರ ಬರಲಿಲ್ಲ ಎಂದ. ಆಣೆ ಆಣೆಯೇ. ಆಷಾಢ ಮುಗಿಯಲು ಇನ್ನೂ ಹದಿನೈದು ದಿನವಿತ್ತು. ಅವನು ಜಗಲಿಯ ಮೇಲೆ ಕೈಕಟ್ಟಿ ಕುಳಿತು, ಕಂಡವರ ಪಟಗಳನ್ನು ನೋಡುತ್ತಿದ್ದ. ಮನೆಯೊಳಗೆ ಮಾತ್ರ ಹೆಂಗಸರ ಜಾತ್ರೆ. ಖದೀಜಾಳ ಮನೆಗೆ ಹಿತ್ತಿಲ ಗೋಡೆಯಲ್ಲಿ ಬಾಗಿಲು ಇಡಿಸಿದ್ದಾಗಿತ್ತು. ಎಲ್ಲ ಬೀದಿಯ ಹೆಣ್ಣುಮಕ್ಕಳೂ ಟ್ರಂಕಿನ ಮುಂದೆ ಕುಳಿತು ತಮ್ಮ ತಮ್ಮ ಮನೆ ಹುಡುಕಿ “ಅಬ್ಬಾ!” ಎನ್ನುತ್ತಿದ್ದುದು ಜಗಲಿಗೆ ಕೇಳಿಸುತ್ತಿತ್ತು.

ಒಂದು ಸಂಜೆ ಆದಿನಾರಾಯಣಪ್ಪ ಬಂದು ಪಕ್ಕದಲ್ಲಿ ಕುಳಿತು ಬೆನ್ನು ತಟ್ಟಿದ.

“ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ ಚಾಂದು. ನಮ್ಮನೆಯೋಳು ಲಕ್ಷ್ಮೀದೇವಮ್ಮ ನಿಮ್ಮನೆಗೆ ಬಂದ್ಬಿಟ್ಟು ಹೋದಾಗ್ನಿಂದ ಒಂದೇ ಸಮ ಬಡ್ಕೊಂತಾಳೆ, ‘ಚಿತ್ರ ಬಂದೈತೆ, ಗುಡಿ ತೋಟ ಎಲ್ಲಾ ದೇವಲೋಕ ಇದ್ದಂಗೈತೆ, ಸಾಬ್ರಂಥ ಜಾಣ ಈ ಸೀಮೇಲೇ ಇಲ್ಲ’ ಅಂತ. ನಿಂಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಏಳ್ತಾವ್ಳೆ ಪಾಪ. ನಾನೇ ಗದರಿಸ್ದೆ. ಬಂದಿಲ್ಲ ತಾನೆ?”

ಒಳಗೆ ಬಳೆಗಳ ಸದ್ದು ತಟ್ಟನೆ ನಿಂತಿತು. ಚಾಂದ್ ಪಾಷಾ ಆಕಾಶ ನೋಡಿದ, ಬಾಗಿಲ ಪರದೆ ನೋಡಿದ.

“ಇಲ್ಲ ಗುರು,” ಎಂದ. “ಏನೂ ಬಂದಿಲ್ಲ.”