ತುಕ್ಕು ತಿಕ್ಕಿದ ಭಾನುವಾರ

ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ತಿತಿಮತಿಯ ನಮ್ಮ ಮನೆಯ ಹಿಂದಿನ ಪಲ್ಪರ್ ಶೆಡ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಇರುವ ಕೊಟ್ಟಿಗೆ. ಹಾಜರಿದ್ದವರು: ನಾನೊಬ್ಬನೇ. ನನ್ನ ಹೆಂಡತಿ ದಮಯಂತಿ ಸೌದೆ ತೆಗೆದುಕೊಳ್ಳಲು ಬಂದವಳು ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ ಹೋದಳು. ಅವಳನ್ನು ಹಾಜರಿದ್ದವರ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಬೇಡ ಎಂಬುದು ಅವಳ ಖಚಿತ ಅಭಿಪ್ರಾಯ.

ನಾನು ಸೇನೆಯ ಒಂದು ವರ್ಕ್‌ಶಾಪಿನಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದ ಹವಾಲ್ದಾರ. ಊರಿನವರು ಗಡಿ, ಗುಂಡು, ಹಿಮ ಎಂದೆಲ್ಲ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಇಡೀ ಸೇವಾವಧಿಯಲ್ಲಿ ನಾನು ಕಣ್ಣಾರೆ ಕಂಡ ಶತ್ರು ಒಂದೇ, ತುಕ್ಕು. ಸ್ಪ್ಯಾನರಿನ ಬಾಯಲ್ಲಿ ಸಾಸಿವೆಯಷ್ಟು ತುಕ್ಕು ಕಂಡರೂ ಮೇಲಧಿಕಾರಿಗಳು ಇಡೀ ಕಪಾಟು ಖಾಲಿ ಮಾಡಿಸಿ, ತಿಕ್ಕಿಸಿ, ಎಣ್ಣೆ ಸವರಿಸಿ ಮತ್ತೆ ಜೋಡಿಸಲು ಹೇಳುತ್ತಿದ್ದರು. ಹಾಗೆ ತಿಕ್ಕಿ ತಿಕ್ಕಿ ಮನುಷ್ಯನಾದವನು ನಾನು. ನಿವೃತ್ತನಾಗಿ ಬಂದ ಮೇಲೂ ಪ್ರತಿ ಭಾನುವಾರ ಕಾಫಿ ಕುಡಿದ ಕೂಡಲೇ ಹಿಂದಿನ ಶೆಡ್ಡಿನ ತಪಾಸಣೆ ಮಾಡುತ್ತೇನೆ. ಕತ್ತಿ, ಗುದ್ದಲಿ, ಸುತ್ತಿಗೆ ಎಲ್ಲವೂ ಸಾಲಾಗಿ ನಿಂತಿರಬೇಕು. ಹಾಗೆ ನಿಲ್ಲಿಸಿದ್ದೇನೆ ಎಂಬುದು ನನ್ನ ಹೆಮ್ಮೆಯಾಗಿತ್ತು. ಈಗ ಆ ಬಗ್ಗೆ ಮಾತಾಡುವುದಿಲ್ಲ.

ಮೊಮ್ಮಗಳು ಹರ್ಷಿತ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ್ದು ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಕಾಲೇಜಿಗೆ. ಅವಳ ಅಪ್ಪ ಅಮ್ಮ ಇರುವುದು ಕುಟ್ಟದಲ್ಲಿ. ಹಾಗಾಗಿ ವಾರವಿಡೀ ನಮ್ಮಲ್ಲಿ, ಶನಿವಾರ ಕುಟ್ಟಕ್ಕೆ, ಭಾನುವಾರ ಸಂಜೆ ಐದರ ಬಸ್ಸಿಗೆ ವಾಪಸ್. ಇಂಜಿನಿಯರಿಂಗ್ ಎಂದರೆ ಮೊದಲ ದಿನವೇ ಸೇತುವೆಯನ್ನೋ ಮೋಟಾರನ್ನೋ ಕೈಗೆ ಕೊಡುತ್ತಾರೆಂದು ನಾನು ತಿಳಿದಿದ್ದೆ. "ಮೊದಲನೇ ವರ್ಷ ಎಲ್ಲರಿಗೂ ಎಲ್ಲ ಉಂಟು ಅಜ್ಜ. ಫಿಸಿಕ್ಸ್, ಮೆಟೀರಿಯಲ್ಸ್, ಎನರ್ಜಿ" ಎಂದಳು. ಫಿಸಿಕ್ಸಿನ ಮೊದಲ ಟೆಸ್ಟಿನಲ್ಲಿ ಅವಳಿಗೆ ಬಂದ ಅಂಕ ಇಲ್ಲಿ ಬರೆಯುವಂಥದ್ದಲ್ಲ. ಆ ವಾರ ಅವಳು ಊಟದ ತಟ್ಟೆಯ ಮುಂದೆ ಕೂತು ಅನ್ನವನ್ನು ಬರೀ ಕಲಸುತ್ತಿದ್ದಳು. ನಾನು ಧೈರ್ಯ ಹೇಳುವ ಬದಲು ಬೆಳಿಗ್ಗೆ ನಾಲ್ಕೂವರೆಗೆ ಏಳುವ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ.

ಆಮೇಲೆ ಒಂದು ದಿನ ಅವಳೇ ನಗುತ್ತಾ ಬಂದಳು. ಮೆಟೀರಿಯಲ್ಸಿಗೆ ಪ್ರತಿಯೊಬ್ಬರೂ ಒಂದು ಪ್ರಯೋಗ ಮಾಡಬೇಕಂತೆ, ವಿಷಯ ತಾವೇ ಹುಡುಕಬೇಕಂತೆ. ಪಲ್ಪರಿನ ಹುಳಿನೀರು ನಮ್ಮ ಯಂತ್ರದ ತಗಡನ್ನು ತಿನ್ನುವುದನ್ನು ಚಿಕ್ಕಂದಿನಿಂದ ನೋಡಿದವಳು ಇವಳು. ಆ ನೀರಿಗೆ ಸುಣ್ಣ ಹಾಕಿದರೆ ಕಬ್ಬಿಣ ಉಳಿಯುತ್ತದೆಯೇ, ಉಳಿದರೆ ಎಷ್ಟು ಎಂಬುದು ಅವಳ ಪ್ರಶ್ನೆ. ತರಗತಿಯಲ್ಲಿ ಬೇರೆ ಯಾರಿಗೂ ಹೊಳೆದಿಲ್ಲ ಎಂದು ಮೇಡಂ ಎಲ್ಲರೆದುರು ಹೇಳಿದರಂತೆ. ಅದನ್ನು ಅವಳು ನನಗೆ ಎರಡು ಸಲ ಹೇಳಿದಳು.

ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತದೆ ಎಂದೂ ವಿವರಿಸಿದಳು. "ಮಣ್ಣಲ್ಲಿ ಇರುವಾಗ ಅದು ತುಕ್ಕಿನ ಹಾಗೇ ಉಂಟು ಅಜ್ಜ. ನಾವು ಕುಲುಮೆಗೆ ಹಾಕಿ, ಶಕ್ತಿ ಕೊಟ್ಟು, ಎಬ್ಬಿಸಿ ನಿಲ್ಲಿಸಿದ್ದು. ಸಂದರ್ಭ ಸಿಕ್ಕಿದ್ರೆ ವಾಪಸ್ ಹೋಗಿ ಮಲಗ್ತದೆ. ಅದಕ್ಕೆ ಅದೇ ಆರಾಮ."

"ಸೋಮಾರಿತನ ಅನ್ನು" ಎಂದೆ.

"ಎನರ್ಜಿ ಅಂತಾರೆ ಅಜ್ಜ ಅದಕ್ಕೆ."

"ಕೂಸೇ, ಹೆಸರು ಬದಲಾಯಿಸಿದ ಕೂಡಲೇ ಸೋಮಾರಿತನ ಹೋಗ್ತದಾ?" ಎಂದು ನಾನು ಗೆದ್ದವನಂತೆ ಎದ್ದು ಹೋದೆ. ಎದ್ದು ಹೋಗದೆ ಇನ್ನೂ ಹತ್ತು ನಿಮಿಷ ಕೂತಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಆದರೆ ಅದು ನನ್ನ ವಾಕಿಂಗಿನ ಸಮಯ.

ಅವಳು ಎಚ್ಚರಿಕೆ ಕೊಟ್ಟಿರಲಿಲ್ಲ ಎಂದಲ್ಲ. "ಅಜ್ಜ, ಶೆಡ್ಡಿನ ಮೇಲಿನ ಹಲಗೆಯಲ್ಲಿ ನನ್ನ ಪ್ರಾಜೆಕ್ಟ್ ಉಂಟು, ಒಂದು ತಿಂಗಳು ಯಾರೂ ಮುಟ್ಟುವ ಹಾಗಿಲ್ಲ" ಎಂದು ಹೇಳಿದ್ದು ನಾನು ರೇಡಿಯೋ ವಾರ್ತೆ ಕೇಳುವಾಗ. ಆಯ್ತು ಎಂದಿದ್ದೆ. ಪ್ರಾಜೆಕ್ಟ್ ಎಂದರೆ ರಟ್ಟು ಹಾಕಿದ ದಪ್ಪ ಪುಸ್ತಕ ಎಂಬುದು ನನ್ನ ಕಲ್ಪನೆ. ಏಣಿ ಬೇಕಾಗುವ ಮೇಲಿನ ಹಲಗೆಯ ತಪಾಸಣೆ ತಿಂಗಳಿಗೊಮ್ಮೆ ಮಾತ್ರ. ಆ ಭಾನುವಾರ ಹತ್ತಿ ನೋಡಿದರೆ ಅಲ್ಲಿ ಪುಸ್ತಕ ಎಲ್ಲೂ ಇರಲಿಲ್ಲ. ಇದ್ದದ್ದು ಐದು ಉಪ್ಪಿನಕಾಯಿ ಬಾಟಲಿ. ಒಳಗೆ ನೀರು, ಕೊಳೆತ ವಾಸನೆ, ಪ್ರತಿ ಬಾಟಲಿಯ ತಳದಲ್ಲಿ ಒಂದೊಂದು ಎರಡು ಇಂಚಿನ ಮೊಳೆ, ಹೆಚ್ಚಿನವುಗಳ ಮೈತುಂಬ ತುಕ್ಕು. ನನ್ನ ಶೆಡ್ಡಿನಲ್ಲಿ. ಹಲಗೆಯ ಅಂಚಿಗೆ 'ಮುಟ್ಟಬೇಡಿ' ಎಂಬ ಚೀಟಿಯೂ ಇತ್ತು. ಓದಿದೆ. ಅಂಥ ಸೂಚನೆಗಳು ತಪಾಸಣೆಗೆ ಬಂದವನಿಗೆ ಅನ್ವಯಿಸುವುದಿಲ್ಲ ಎಂಬುದು ಹಳೆಯ ಅಭ್ಯಾಸ.

ಮುಂದಿನ ಐವತ್ತು ನಿಮಿಷ ನಾನು ಸಂತೋಷವಾಗಿದ್ದೆ, ಅದನ್ನು ಒಪ್ಪಿಕೊಳ್ಳಬೇಕು. ನೀರು ಚೆಲ್ಲಿದೆ. ಮೊಳೆಗಳನ್ನು ಮರಳು ಕಾಗದದಿಂದ ತಿಕ್ಕಿದೆ. ಒಂದಕ್ಕೆ ಮಾತ್ರ ಹೆಚ್ಚು ತಿಕ್ಕುವ ಕೆಲಸ ಇರಲಿಲ್ಲ, ಉಳಿದವು ಸತಾಯಿಸಿದವು. ಎಣ್ಣೆ ಸವರಿ ಎರಡು ಇಂಚಿನ ಮೊಳೆಗಳ ಡಬ್ಬಿಗೆ ಹಾಕಿದೆ. ಬಾಟಲಿಗೆ ಅಂಟಿಸಿದ್ದ ನಂಬರು ಚೀಟಿಗಳನ್ನು ಬೂದಿ ಹಾಕಿ ಉಜ್ಜಿ ತೆಗೆದು, ತೊಳೆದು ಬಿಸಿಲಿಗೆ ಕವುಚಿಟ್ಟೆ. ಬಾಗಿಲಿಗೆ ಬಂದ ದಮಯಂತಿ, "ದೇವರ ದೀಪ ತಿಕ್ಕಿ ಕೊಡಿ ಅಂದ್ರೆ ಸೊಂಟ ನೋವು. ಮೊಳೆ ತಿಕ್ಕುವಾಗ ಸೊಂಟ ಎಲ್ಲಿಗೆ ಹೋಗಿತ್ತು?" ಎಂದಷ್ಟೇ ಹೇಳಿ ಸೌದೆ ಎತ್ತಿಕೊಂಡು ಹೋದಳು.

ಸಂಜೆ ಹರ್ಷಿತ ಬಂದವಳು ಬ್ಯಾಗು ಇಳಿಸದೆ ನೇರ ಶೆಡ್ಡಿಗೆ ಹೋದಳು. ತಿಂಗಳು ತುಂಬಿತ್ತು, ಮರುದಿನ ಬೆಳಿಗ್ಗೆ ಕಾಲೇಜಿನ ಲ್ಯಾಬಿನಲ್ಲಿ ಮೊಳೆಗಳ ತೂಕ ನೋಡುವುದಿತ್ತು. ವಾಪಸ್ ಬಂದವಳ ಕೈಯಲ್ಲಿ ಒಂದು ಖಾಲಿ ಬಾಟಲಿ.

"ಅಜ್ಜ, ಇದನ್ನು ತೊಳೆದದ್ದು ಯಾರು?"

ದಮಯಂತಿ ಅಡುಗೆಮನೆಯಿಂದಲೇ, "ನಾನಲ್ಲ. ನಾನು ತೊಳೆದ್ರೆ ಅಷ್ಟು ಚೊಕ್ಕ ಆಗುದಿಲ್ಲ" ಎಂದಳು.

ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹರ್ಷಿತ ಕೂಗಾಡುತ್ತಾಳೆಂದು ಕಾದೆ. ಕೂಗಾಡಲಿಲ್ಲ, ಮೆಟ್ಟಿಲ ಮೇಲೆ ಕೂತಳು. "ತುಕ್ಕು ತೆಗೆದೇ ತೂಕ ನೋಡ್ಬೇಕಿತ್ತು ಅಜ್ಜ" ಎಂದಾಗ ನನ್ನ ಜೀವ ವಾಪಸ್ ಬಂತು. ಅರ್ಧ ಕೆಲಸ ನಾನೇ ಮುಗಿಸಿದ ಹಾಗಾಯಿತಲ್ಲ ಎಂದುಕೊಂಡೆ. ಆಮೇಲೆ ಅವಳು ಮುಂದುವರಿಸಿದಳು. "ಆದ್ರೆ ಮರಳು ಕಾಗದದಲ್ಲಿ ಅಲ್ಲ. ಅದು ಒಳ್ಳೆ ಕಬ್ಬಿಣವನ್ನೂ ತೆಗೀತದೆ. ಮತ್ತೆ ಯಾವುದು ಬಾವಿನೀರಿನದ್ದು, ಯಾವುದು ಸುಣ್ಣದ್ದು, ಹೇಗೆ ಗೊತ್ತಾಗ್ತದೆ?"

ಡಬ್ಬಿ ಸುರಿದು ಹುಡುಕಿದೆವು. ಮೊಳೆಗಳು ಸಿಕ್ಕಿದವು, ಅಷ್ಟು ಹೊಳೆಯುವ ಮೊಳೆ ಕೊಡಗಿನಲ್ಲೇ ಬೇರೆ ಇರಲಾರದು. ಐದೂ ಒಂದೇ ಥರ ಹೊಳೆಯುತ್ತಿದ್ದವು.

"ಇನ್ನೊಮ್ಮೆ ಇಟ್ಟರೆ?" ಎಂದು ಕೇಳಿದೆ.

"ಪಲ್ಪರ್ ನೀರು ಎಲ್ಲಿಂದ ತರುದು? ಪಿಕಿಂಗ್ ಮುಗೀತಲ್ಲ."

ಅದು ನನಗೆ ಹೊಳೆದಿರಲಿಲ್ಲ. ಯಂತ್ರವನ್ನು ತೊಳೆದು ಗ್ರೀಸ್ ಹಚ್ಚಿ ಮುಚ್ಚಿಟ್ಟವನು ನಾನೇ. ಇನ್ನು ಆ ನೀರು ಕಾಣಬೇಕಾದರೆ ಮುಂದಿನ ಕೊಯ್ಲು ಬರಬೇಕು.

ಆಗ ನಾನೊಂದು ಮಾತು ಹೇಳಿದೆ. ಈ ಬರಹದಲ್ಲಿ ಅದನ್ನು ಬಿಟ್ಟುಬಿಡಬಹುದಿತ್ತು. ಆದರೆ ಸ್ಟೋರಿನ ರಿಜಿಸ್ಟರಿನಲ್ಲಿ ಒಂದು ಬೋಲ್ಟನ್ನೂ ಸುಳ್ಳು ಬರೆಯದವನು ಇದನ್ನು ಬಿಡುವುದು ಹೇಗೆ? "ಕೂಸೇ, ಅಂದಾಜಿಗೆ ಏನಾದ್ರೂ ಬರೆದುಬಿಡು. ನಿಮ್ಮ ಮೇಡಂ ಇಲ್ಲಿ ಬಂದು ನೋಡ್ತಾರಾ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಹೇಳುದಾ ಅಜ್ಜ, ಇದನ್ನು?"

ಅವಳ ಅಪ್ಪ, ಅಂದರೆ ನನ್ನ ಮಗ, ಹತ್ತು ವರ್ಷದವನಿದ್ದಾಗ ಹಳೆಯ ರೇಡಿಯೋ ಒಂದನ್ನು ಬಿಚ್ಚಿ, ಅದರ ಭಾಗಗಳನ್ನು ಮಂಚದ ಮೇಲೆ ತನ್ನದೇ ಕ್ರಮದಲ್ಲಿ ಹರಡಿಕೊಂಡಿದ್ದ. ರಜೆಯಲ್ಲಿ ಬಂದ ನಾನು ಅವನು ಶಾಲೆಗೆ ಹೋದಾಗ ಎಲ್ಲವನ್ನೂ ಒರೆಸಿ ಒಂದು ಡಬ್ಬಿಗೆ ತುಂಬಿಸಿ, ಮಂಚಕ್ಕೆ ಚಾದರ ಎಳೆದಿದ್ದೆ. ಅವನೂ ಕೂಗಾಡಲಿಲ್ಲ. ಆ ಡಬ್ಬಿಯನ್ನು ಮತ್ತೆ ತೆರೆಯಲೂ ಇಲ್ಲ. ಹುಡುಗನಿಗೆ ಅಚ್ಚುಕಟ್ಟು ಬಂತು ಎಂದು ನಾನು ಆಗ ಪತ್ರದಲ್ಲಿ ಮೆಚ್ಚಿ ಬರೆದದ್ದು ನೆನಪಿದೆ.

ಹರ್ಷಿತ ಮಾತ್ರ ಡಬ್ಬಿ ಮುಚ್ಚಿ ಹೋಗುವವಳಲ್ಲ. ಮುಖ ತೊಳೆದು, ಕಾಫಿ ಕುಡಿದು, ರಿಪೋರ್ಟ್ ಬರೆಯಲು ಕೂತಳು. ಆದದ್ದನ್ನು ಆದ ಹಾಗೇ ಬರೆಯುತ್ತಾಳಂತೆ. "ಅಂಕ ಹೋದ್ರೆ ಹೋಗ್ಲಿ. ಮುಂದಿನ ಕೊಯ್ಲಿಗೆ ನನ್ನ ಸಮಾಧಾನಕ್ಕೆ ಪುನಃ ಇಡ್ತೇನೆ" ಎಂದಳು. ಮೊಳೆಗಳಿಗೆ ಏನಾಯಿತೆಂದು ನನ್ನಿಂದಲೇ ಹೇಳಿಕೆ ಬೇಕೆಂದಳು. ದಿನ, ಗಂಟೆ, ಯಾರಿದ್ದರು, ಎಷ್ಟು ಹೊತ್ತು ತಿಕ್ಕಿದ್ದು, ಯಾವ ನಂಬರಿನ ಮರಳು ಕಾಗದ. ಈ ಬರಹದ ಮೊದಲ ಸಾಲುಗಳು ಆ ಹೇಳಿಕೆಯವೇ.

ರಿಪೋರ್ಟಿನ ಕೊನೆಯಲ್ಲಿ 'ದೋಷದ ಮೂಲಗಳು' ಎಂಬ ಭಾಗ ಇರುತ್ತದಂತೆ. ಅವಳು ಓದಿ ಹೇಳಿದಳು. ಒಂದು, ತಕ್ಕಡಿಯ ಮಿತಿ. ಎರಡು, ಹಗಲು ರಾತ್ರಿಯ ಉಷ್ಣಾಂಶದ ವ್ಯತ್ಯಾಸ. ಮೂರು, ಅಜ್ಜ.

"ಹೆಸರು ಹಾಕುದಿಲ್ಲ, ಮನೆಯ ಹಿರಿಯರು ಅಂತ ಮಾಡ್ತೇನೆ" ಎಂದಳು.

"ಅಜ್ಜ ಅಂತಲೇ ಇರಲಿ" ಎಂದೆ.

"ಮೂರನೇ ನಂಬರು ಯಾಕೆ? ಒಂದಕ್ಕೆ ಹಾಕು" ಎಂದಳು ದಮಯಂತಿ.

ಏಳು ಗಂಟೆಗೆ ಸಹಿ ಹಾಕಲು ಹಾಳೆಗಳು ನನ್ನ ಮುಂದೆ ಬಂದವು. ಹೇಳಿಕೆಯ ಕೆಳಗೆ ಸಹಿ ಹಾಕಿದೆ. ಹಾಕುವಾಗ ಪಕ್ಕದ ಹಾಳೆಯ ಮೇಲೆ ಕಣ್ಣು ಹೋಯಿತು. ಐದು ಮೊಳೆಗಳ ಕೋಷ್ಟಕ, ಮೊದಲಿನ ತೂಕ ತುಂಬಿದೆ, ನಂತರದ ತೂಕದ ಐದು ಮನೆಗಳೂ ಖಾಲಿ. ಕೋಷ್ಟಕದ ಕೆಳಗಿನ ಗೆರೆಯನ್ನು ಪೆನ್ಸಿಲಿನಲ್ಲಿ ಕೈಯಲ್ಲೇ ಎಳೆದಿದ್ದಳು, ಬಲಕ್ಕೆ ಬರುತ್ತಾ ಚೂರು ಇಳಿದಿತ್ತು. ರಬ್ಬರು ಮೇಜಿನ ಮೇಲೇ ಇತ್ತು, ಸ್ಕೇಲೂ ಇತ್ತು. ಹರ್ಷಿತ ಒಳಗೆ ನೀರು ಕುಡಿಯಲು ಹೋಗಿದ್ದಳು. ನಾನು ಪೆನ್ನಿಗೆ ಮುಚ್ಚಳ ಹಾಕಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಬರುವ ತನಕ ಕೂತಿದ್ದೆ.