ಭಾವನವರ ಶನಿವಾರದ ಚಟುವಟಿಕೆಗಳು

ನಮ್ಮ ಭಾವನವರನ್ನು ಮೇಷ್ಟ್ರು ಎಂದು ಕರೆಯುವುದೇ ತಪ್ಪು. ಅವರು ಹುಟ್ಟಿದ್ದು ಯೋಜನೆ ಹಾಕುವುದಕ್ಕೆ. ಅದು ಹಳ್ಳ ಹಿಡಿದ ಮೇಲೆ ಕೂತು ವಿಮರ್ಶೆ ಮಾಡುವುದಕ್ಕೆ! ಸ್ವಾತಂತ್ರ್ಯ ಬಂದ ಹೊಸತು. ಮಕ್ಕಳಿಗೆ ಪುಸ್ತಕದಾಚೆಗೂ ಏನಾದರೂ ಕಲಿಸಬೇಕೆಂಬ ಮಾತು ಎಲ್ಲೆಲ್ಲೂ ಕೇಳುತ್ತಿತ್ತು. ಚಾಮರಾಜಪುರಂನ ನಮ್ಮ ಮಿಡ್ಲ್ ಸ್ಕೂಲಿನಲ್ಲಿ ಆ ಹೊಣೆಯನ್ನು ಯಾರೂ ಕೊಡದೆಯೇ ಭಾವ ಹೊತ್ತುಕೊಂಡರು. ಅಲ್ಲೇ ಪಾಠ ಹೇಳುತ್ತಿದ್ದ ನಾನು, ಅವರ ನಾದಿನಿ ಎಂಬ ಒಂದೇ ಅಪರಾಧಕ್ಕೆ ಸಹಾಯಕಿಯಾದೆ.

ಮೊದಲಿಗೆ ಕುಕ್ಕರಹಳ್ಳಿ ಕೆರೆಯಲ್ಲಿ ಪಕ್ಷಿವೀಕ್ಷಣೆ. "ಯಾರೂ ಉಸಿರೆತ್ತಬಾರ್ದು!" ಎಂದು ಶುರುಮಾಡಿದ ಭಾವ, ಮೌನದ ಮಹತ್ವವನ್ನು ಎಂಥ ಗಂಟಲಲ್ಲಿ ಬಣ್ಣಿಸಿದರೆಂದರೆ, ಕೊಕ್ಕರೆಗಳಿರಲಿ, ಏರಿಯ ಮೇಲೆ ಮಲಗಿದ್ದ ಎಮ್ಮೆಗಳೂ ಎದ್ದು ಹೋದವು. ಸೋಮವಾರ ವಿಮರ್ಶೆಯ ತೀರ್ಪು ಬಂತು: "ನಮ್ಮ ಮಕ್ಕಳದೇನೂ ತಪ್ಪಿಲ್ಲ ಕಣಮ್ಮ. ಹಕ್ಕಿಗಳಿಗೆ ಶಿಸ್ತಿಲ್ಲ."

ಆಮೇಲೆ ಕೈತೋಟ. ಮೆಂತ್ಯ ಬಿತ್ತಿಸಿದರು. ಬೇರು ಎಷ್ಟು ಬಂದಿದೆಯೆಂದು ದಿನವೂ ಸಸಿ ಕೀಳಿಸಿ ನೋಡಿ, ಮತ್ತೆ ನೆಡಿಸಿದರು!

"ಭಾವ, ಹೀಗೆ ಕಿತ್ತರೆ ಅದು ಬದುಕತ್ತಾ?"

"ಪರಿಶೀಲನೆ ಇಲ್ದೆ ಪ್ರಗತಿ ಹೆಂಗೆ ಗೊತ್ತಾಗ್ಬೇಕು?"

ಮೆಂತ್ಯ ಸತ್ತಿತು. ವಿಮರ್ಶೆ ಮಾತ್ರ ಸೊಂಪಾಗಿ ಬೆಳೆಯಿತು.

ಕೊನೆಗೆ ಹೆಡ್‌ಮಾಸ್ಟರ ತಾಳ್ಮೆ ಕೆಟ್ಟಿತು. "ಇನ್‌ಸ್ಪೆಕ್ಟರು ಬರ್ತಾರೆ. ಅವರು ಮೆಚ್ಚದಿದ್ರೆ ಶನಿವಾರವೂ ಲೆಕ್ಕದ ಪಾಠವೇ," ಎಂದರು. ಭಾವ ಹಾಡಿನ ಕಾರ್ಯಕ್ರಮ ಯೋಜಿಸಿದರು. ಮೊದಲ ಹಾಡಿಗೆ ಆರಿಸಿದ್ದು ಯಾರನ್ನು? ಹಳ್ಳಿಯಿಂದ ಹೊಸದಾಗಿ ಸೇರಿದ್ದ ಗೌರಿಯನ್ನು! ತರಗತಿಯಲ್ಲಿ ಹಾಜರಿ ಹೇಳಲೂ ನಾಚುವ ಹುಡುಗಿ. ಇಂಥ ಬುದ್ಧಿ ಇನ್ಯಾರಿಗೆ ಬಂದೀತು?

ಇನ್‌ಸ್ಪೆಕ್ಟರ ಮುಂದೆ ಗೌರಿಯ ಬಾಯಿ ಕಟ್ಟಿತು. ಕಣ್ಣು ತುಂಬಿತು. ಹೆಡ್‌ಮಾಸ್ಟರು ಹಲ್ಲು ಕಡಿದರು. ಆಗ ಭಾವ ಧಡಧಡನೆ ವೇದಿಕೆ ಹತ್ತಿ, ಅವಳ ಹಾಡನ್ನು ತಾವೇ ಎತ್ತಿಕೊಂಡರು. ಅಬ್ಬಾ, ಅದೇನು ಅಪಸ್ವರ! ಸಭೆಯೆಲ್ಲ ಕಿವಿ ಮುಚ್ಚಿಕೊಂಡಿತು. ಗೌರಿ ಕಣ್ಣೊರೆಸಿಕೊಂಡಳು, ಕಿಸಕ್ಕನೆ ನಕ್ಕಳು. "ಅಂಗಲ್ಲ ಸಾ, ಇಂಗೆ!" ಎಂದವಳೇ ದನಿಯೆತ್ತಿ, ಹಾಡನ್ನು ಕೊನೆಯವರೆಗೂ ಹಾಡಿ ಮುಗಿಸಿದಳು.

ಇನ್‌ಸ್ಪೆಕ್ಟರು ಚಪ್ಪಾಳೆ ತಟ್ಟಿದರು. "ಚಟುವಟಿಕೆ ಮುಂದುವರಿಸಿ ಮೇಷ್ಟ್ರೇ. ಆದ್ರೆ ದಯವಿಟ್ಟು ನೀವು ಹಾಡ್ಬೇಡಿ!"

ಎಲ್ಲರೂ ಗೊಳ್ಳೆಂದರು. ನನಗೆ ತಡೆಯಲಾಗಲಿಲ್ಲ. ಮನೆಯಲ್ಲಿ ದಿನಾ ಸಂಜೆ ಭಾವ ಹಾಡಲು ಕೂತರೆ, ಒಲೆಯ ಮೇಲೆ ಹಾಲು ಉಕ್ಕಿದ್ದೂ ಅಕ್ಕನಿಗೆ ತಿಳಿಯುತ್ತಿರಲಿಲ್ಲ. ದಾರಿಹೋಕರು ಗೇಟಿನ ಬಳಿ ಮೈಮರೆತು ಕೇಳುತ್ತ ನಿಂತುಬಿಡುತ್ತಿದ್ದರು.

"ಸಾರ್, ನಮ್ಮ ಭಾವ ನಿಜವಾಗಿ..." ಎಂದು ಬಾಯಿ ತೆರೆದೆ.

"ಸುಮ್ನಿರಮ್ಮ," ಭಾವ ಮೆಲ್ಲಗೆ ಗದರಿದರು. "ಮೇಷ್ಟ್ರನ್ನೇ ತಿದ್ದಿದ ಖುಷೀಲಿದೆ ಮಗು. ಇರ್ಲಿ ಬುಡು."